ಸಾಲಿ ಬಯಲಿಗೆ ಬಂದ ಚಳಿಗಾಲ

ಆ ವರ್ಷ ದೇವದುರ್ಗದಲ್ಲಿ ಇಲಿ ಬಿದ್ದವು. ನಾನಾಗ ಆರೋ ಏಳೋ ವರ್ಷದ ಹುಡುಗಿ. ನಲವತ್ತರ ದಶಕದ ಮೊದಮೊದಲ ದಿನಗಳು, ನಿಜಾಮರ ಆಳ್ವಿಕೆ. ಮಾಳಿಗೆಯ ಜಂತಿಯ ಸಂದಿಯಿಂದ ಇಲಿ ಸತ್ತು ಕೆಳಗೆ ಬಿತ್ತೆಂದರೆ ಗಂಟುಬೇನೆ, ಅಂದರೆ ಪ್ಲೇಗು, ಬಂತೆಂದೇ ಲೆಕ್ಕ. ಮೊದಲು ಕೋಮಟಿಗರ ಓಣಿಯಲ್ಲಿ ಬಿದ್ದವು, ಆಮೇಲೆ ಕೋಟೆಯ ಕಡೆ. ಒಂದು ಮುಂಜಾನೆ ಡಂಗುರ ಸಾರಿದರು. ಎಲ್ಲರೂ ಊರು ಬಿಟ್ಟು ಹೊಲಕ್ಕೆ ಹೋಗಿ ಜೋಪಡಿ ಹಾಕಿಕೊಳ್ಳಬೇಕು, ಹುಕುಂ ಆಗುವ ತನಕ ಯಾರೂ ಊರೊಳಗೆ ಕಾಲಿಡಬಾರದು.

ನಾವು ಬಿಡಬೇಕಾದ ಊರೇ ಇರಲಿಲ್ಲ. ನಮ್ಮ ಕೇರಿ ಮೊದಲಿನಿಂದಲೂ ಊರ ಹೊರಗೇ ಇತ್ತು. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿಯುವವರು. ಊರೊಳಗಿನ ಬಾವಿ, ಗುಡಿ, ಸಾಲಿ ಇವು ನಮಗಲ್ಲ ಎಂಬುದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿರಲಿಲ್ಲ. ಮಾತು ಕಲಿತ ಹಾಗೆ ಅದನ್ನೂ ಕಲಿತಿದ್ದೆ.

ಆದರೆ ಆ ಚಳಿಗಾಲ ಊರೇ ನಮ್ಮ ಕಡೆ ಬಂತು. ಬಂಡಿಗಳ ಮೇಲೆ ಬೀಸುವ ಕಲ್ಲು, ತೊಟ್ಟಿಲು, ಹಾಸಿಗೆಯ ಸುರುಳಿ, ಕೋಳಿಯ ಬುಟ್ಟಿ, ದೇವರ ಪೆಟ್ಟಿಗೆ. ಜೋಳ ಕೊಯ್ದು ಖಾಲಿಯಾಗಿದ್ದ ಹೊಲದ ತುಂಬ ದಂಟಿನ ಜೋಪಡಿಗಳು ಎದ್ದವು. ಅವರಿಗೂ ನಮಗೂ ನಡುವೆ ಒಂದು ಒಣ ಹಳ್ಳ. ನಾನು ನನ್ನ ವಾರಿಗೆಯ ಮಕ್ಕಳ ಜೊತೆ ಹಳ್ಳದ ದಡದಲ್ಲಿ ಕುಳಿತು ಹೊತ್ತು ಹೋಗುವುದೇ ತಿಳಿಯದ ಹಾಗೆ ಆ ಜನರನ್ನು ನೋಡುತ್ತಿದ್ದೆ. ಅವರೂ ಕಣ್ಣಿಗೆ ಹೊಗೆ ಹೊಡೆದು ಅಳುತ್ತಾರೆ, ಅವರ ರೊಟ್ಟಿಯೂ ಸೀಯುತ್ತದೆ, ಅವರ ಮಕ್ಕಳಿಗೂ ಬೆನ್ನ ಮೇಲೆ ಗುದ್ದು ಬೀಳುತ್ತದೆ. ಇದೆಲ್ಲ ನನಗೆ ದೊಡ್ಡ ಸುದ್ದಿ.

ಕೆಲ ದಿನಕ್ಕೆ ಸಾಲಿಯೂ ಬಂತು. ಸಾಲಿ ಎಂದರೆ ಒಬ್ಬ ಮಾಸ್ತರು, ಅಷ್ಟೇ. ರಾಯಚೂರಿನಿಂದ ಹೊಸದಾಗಿ ಬಂದಿದ್ದ ಹರೆಯದವರು. ಕರಿ ಶೇರವಾನಿ, ಕನ್ನಡಕ, ಬೂಟು. ದೊಡ್ಡ ಮಕ್ಕಳನ್ನು ಹೆಡ್ ಮಾಸ್ತರರು ತಮ್ಮ ಜೋಪಡಿಯ ಮುಂದೆ ಕೂರಿಸಿಕೊಂಡಿದ್ದರಂತೆ. ಸಣ್ಣವರನ್ನೆಲ್ಲ ಇವರ ಕೈಗೆ ಒಪ್ಪಿಸಿದ್ದರು. ಪುಸ್ತಕ, ಪಾಟಿ, ಗಂಟೆ, ಕರಿಹಲಗೆ ಎಲ್ಲ ಊರೊಳಗಿನ ಸಾಲಿಯಲ್ಲಿ, ಬೀಗದ ಹಿಂದೆ. ಸುತ್ತ ಎಲ್ಲೂ ನೆರಳಿಲ್ಲ. ನೆರಳೆಂದರೆ ಹಳ್ಳದ ಈ ಕಡೆ, ನಮ್ಮ ಕೇರಿಯ ಅಂಚಿನಲ್ಲಿದ್ದ ಹಳೆಯ ಹುಣಸೆ ಗಿಡದ್ದೊಂದೇ. ಮಾಸ್ತರು ಮಕ್ಕಳನ್ನು ಸಾಲಾಗಿ ಹಳ್ಳ ದಾಟಿಸಿಕೊಂಡು ಅದರ ಕೆಳಗೆ ಬಂದರು. ಬರುವಾಗ ದಾರಿಯುದ್ದಕ್ಕೂ ಶೇರವಾನಿಗೆ ಮುಳ್ಳು ಸಿಕ್ಕಿ, ಬಿಡಿಸಿಕೊಳ್ಳುತ್ತ ನಿಂತು ನಿಂತು ಬಂದದ್ದು ನೋಡಿ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು.

ಅವರು ನಮ್ಮನ್ನು ನೋಡಿದರು. "ಅಲ್ಲೇನ್ ನಿಂತೀರಿ? ಬರ್ರಿ, ಕುಂದರ್ರಿ."

ನಾವು ಓಡಿಹೋದೆವು. ಮರುದಿನ ಮತ್ತೆ ಕರೆದರು. ಆಗಲೂ ಓಡಿದೆವು, ಆದರೆ ಸ್ವಲ್ಪ ದೂರ. ಕಡೆಗೆ ನಾನು ನಿಂತಲ್ಲಿಂದಲೇ ಕೇಳಿದೆ, "ಬಂದ್ರ ಬೈಯಂಗಿಲ್ಲೇನ್ರೀ?"

"ಯಾರು ಬೈತಾರ?"

"ಅವರು." ಜೋಪಡಿಗಳ ಕಡೆ ಬೆರಳು ತೋರಿಸಿದೆ.

ಮಾಸ್ತರು ಆ ಕಡೆ ನೋಡಿದರು, ಗಿಡವನ್ನು ನೋಡಿದರು. "ಈ ಗಿಡ ನಿಮ್ಮದು. ಕೇಳದ ಬಂದು ಕುಂತವರು ನಾವು. ಬೈಯೋದಿದ್ರ ನೀವು ನಮ್ಮನ್ನ ಬೈಬೇಕು."

ಗಿಡ ನಮ್ಮದೆಂದು ಯಾರಾದರೂ ಹೇಳಿದ್ದು ಅದೇ ಮೊದಲು. ನಾನು ಹೋಗಿ ಕುಳಿತೆ. ಅವರ ಹತ್ತಿರ ಕೂರಲಿಲ್ಲ, ಬೊಡ್ಡೆಯ ಈಚೆಗೆ ಕುಳಿತೆ. ಊರ ಮಕ್ಕಳು ಆಚೆಗೆ.

ಗಿಡದ ನೆರಳು ಮಾತ್ರ ಒಂದು ಕಡೆ ಕೂರುವಂಥದ್ದಲ್ಲ. ಮುಂಜಾನೆ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು. ಹೊತ್ತು ಏರಿದಂತೆ ಸರಿಯುತ್ತಿತ್ತು, ಕುಗ್ಗುತ್ತಿತ್ತು. ಬಿಸಿಲು ಬೆನ್ನಿಗೆ ಹತ್ತಿದವರು ಒಳಕ್ಕೆ ಸರಿಯುತ್ತಿದ್ದರು. ಚಳಿಗಾಲವಾದರೂ ನಮ್ಮ ಸೀಮೆಯ ಮಧ್ಯಾಹ್ನದ ಬಿಸಿಲು ಬಿಸಿಲೇ. ನೆತ್ತಿಗೆ ಹೊತ್ತು ಬರುವಷ್ಟರಲ್ಲಿ ಎಲ್ಲರೂ ಬೊಡ್ಡೆಯ ಸುತ್ತ ಒತ್ತೊತ್ತಾಗಿ ಕುಳಿತಿರುತ್ತಿದ್ದೆವು. ನನ್ನ ಎಡಕ್ಕೆ ಬಣ್ಣ ಹಾಕುವ ರಂಗರೇಜರ ಹುಡುಗಿ, ಬಲಕ್ಕೆ ಕಾಳಿನ ಸಾಹುಕಾರರ ಮಗ. ಯಾರೂ ಯಾರನ್ನೂ ಪಕ್ಕಕ್ಕೆ ಕರೆದಿರಲಿಲ್ಲ.

ಹಲಗೆಯಿಲ್ಲದ್ದರಿಂದ ಮಾಸ್ತರು ಎರೆಮಣ್ಣನ್ನು ಕೈಯಿಂದ ಸಮ ಮಾಡಿ, ಒಲೆಯ ಬೂದಿ ಉದುರಿಸಿ, ಅದರ ಮೇಲೆ ಅಕ್ಷರ ಬರೆಸಿದರು. ಒಂದು ದಿನ ಅ ಆ, ಇನ್ನೊಂದು ದಿನ ಉರ್ದುವಿನ ಅಲಿಫ್ ಬೇ. ಎಣಿಸಲು ಹುಣಸೆ ಬೀಜ. ಗಂಟೆಯಿಲ್ಲದ್ದರಿಂದ ಒಂದು ಕೋಲನ್ನು ನೆಲಕ್ಕೆ ನೆಟ್ಟು ಅದರ ನೆರಳಿನ ತುದಿಗೆ ಕಲ್ಲಿಟ್ಟರು. ನೆರಳು ಕಲ್ಲಿಗೆ ಬಂದರೆ ಊಟಕ್ಕೆ ಬಿಡುವು. ಇದು ಚೆನ್ನಾಗಿಯೇ ನಡೆಯಿತು. ಆದರೆ ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮ ಹೊಟ್ಟೆ ಹೇಳುವ ಹೊತ್ತಿಗೂ ಕಲ್ಲು ಹೇಳುವ ಹೊತ್ತಿಗೂ ತಾಳೆಯಾಗಲಿಲ್ಲ. ನೆರಳಿನ ತುದಿ ಕಲ್ಲಿನ ಹತ್ತಿರ ಸುಳಿಯುತ್ತಲೇ ಇರಲಿಲ್ಲ, ಒಳಗೇ ಉಳಿಯುತ್ತಿತ್ತು. ಸಾಹುಕಾರರ ಮಗ ಯಾರೋ ಕಲ್ಲು ಸರಿಸಿದ್ದಾರೆ ಎಂದ. ನಾನು ಕೋಲು ಗಿಡ್ಡ ಆಗಿದೆ ಎಂದೆ. ಮಾಸ್ತರು ನಕ್ಕರು, ಆಮೇಲೆ ನಗು ನಿಲ್ಲಿಸಿ ತಾವೇ ಕೋಲಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತರು. "ಸೂರ್ಯ ದಾರಿ ಬದಲಸ್ತಾನ ಅಂತ ಪುಸ್ತಕದಾಗ ಓದೀನಿ. ಕಣ್ಣಿಂದ ನೋಡಿದ್ದು ಇವತ್ತ ನೋಡ್ರಿ."

ಅವರ ಈ ಗುಣ ನನಗೆ ವಿಚಿತ್ರವೆನಿಸುತ್ತಿತ್ತು. ದೊಡ್ಡವರೆಂದರೆ ಎಲ್ಲ ಗೊತ್ತಿರುವವರು, ಗೊತ್ತಿಲ್ಲದಿದ್ದರೆ ಗದರುವವರು. ಇವರು "ಗೊತ್ತಿಲ್ಲ, ನೋಡೂಣು" ಎನ್ನುತ್ತಿದ್ದರು. ಹಾಗೆಂದ ಮೇಲೆ ನಿಜವಾಗಿಯೂ ನೋಡುತ್ತಿದ್ದರು.

ಗಿಡದಿಂದ ಸ್ವಲ್ಪ ದೂರದಲ್ಲಿ ಒಂದು ಇರುವೆಗೂಡಿತ್ತು. ನೆಲದಲ್ಲೊಂದು ತೂತು, ಅದರ ಸುತ್ತ ಹೊಟ್ಟಿನ ಬಳೆ. ದಿನಾ ಅದನ್ನು ದಾಟಿಕೊಂಡೇ ಓಡಾಡಿದ್ದೆ. ಆ ಹೊಟ್ಟು ಯಾರು ತಂದು ಹಾಕಿದರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಜೋಪಡಿಗಳ ಮುಂದೆ ಚೆಲ್ಲಿದ ಜೋಳವನ್ನು ಇರುವೆಗಳು ಸಾಲುಗಟ್ಟಿ ಹೊತ್ತು ತರುತ್ತಿದ್ದವು. ಒಂದೊಂದು ಕಾಳು ಇರುವೆಗಿಂತ ದಪ್ಪ.

"ಒಳಗ ಒಯ್ದು ಏನ್ ಮಾಡ್ತಾವ್ರೀ?" ರಂಗರೇಜರ ಹುಡುಗಿ ಕೇಳಿದಳು. ಮನೆಯಲ್ಲಿ ದಖ್ಖನಿ ಉರ್ದು ಆಡುವ ಹುಡುಗಿ. ಅವಳ ಕನ್ನಡ ತುಸು ಹಾಡಿದ ಹಾಗೆ ಕೇಳುತ್ತಿತ್ತು.

"ತಿಂತಾವ," ಎಂದ ಸಾಹುಕಾರರ ಮಗ.

"ಅಷ್ಟೂನೂ ಇವತ್ತೇ ತಿಂತಾವೇನು?"

"ಅಗದು ನೋಡೂಣು," ಎಂದೆ ನಾನು.

ಮಾಸ್ತರು ತಲೆಯಾಡಿಸಿದರು. "ಅಗದ್ರ ಮನಿ ಹಾಳಾಗ್ತದ. ಹಾಳಾದ ಮ್ಯಾಲ ಅವು ಹೆಂಗಿರ್ತಾವ ಅಂತ ನೋಡಾಕ ಅಲ್ಲಿ ಏನೂ ಉಳಿಯಂಗಿಲ್ಲ. ಬ್ಯಾರೆ ಏನಾರ ದಾರಿ ಹೇಳ್ರಿ."

ದಾರಿ ಹೊಳೆದದ್ದು ರಂಗರೇಜರ ಹುಡುಗಿಗೆ. ಜೋಳಕ್ಕೆ ಬಣ್ಣ ಹಾಕಿ ಕೊಟ್ಟರೆ, ನಾವು ಕೊಟ್ಟದ್ದು ಯಾವುದು, ಅದು ಏನಾಯಿತು ಎಂದು ಗುರುತಾಗುತ್ತದಲ್ಲ! ಅವರಪ್ಪ ಊರು ಬಿಡುವಾಗ ಬಣ್ಣದ ಹರವಿ, ಮಡಕೆಗಳನ್ನೂ ಬಂಡಿಗೆ ಹೇರಿಕೊಂಡು ಬಂದಿದ್ದ. ತಳದಲ್ಲಿ ಉಳಿದ ಕೆಂಪು ತರುತ್ತೇನೆ ಎಂದಳು. ಸಾಹುಕಾರರ ಮಗ ಅಡುಗೆಯ ಅರಿಶಿನ ತರುತ್ತೇನೆ ಎಂದ. ಜೋಳ ನನ್ನ ಪಾಲಿಗೆ ಬಂತು.

ಅವ್ವ ಹತ್ತಿ ಬಿಡಿಸಲು ಹೋಗಿ ಸಂಜೆ ಮನೆಗೆ ಬಂದಿದ್ದಳು. ಬೆರಳೆಲ್ಲ ಒಣಗಿದ ಹತ್ತಿ ಕಾಯಿಯ ಮೊನೆ ಚುಚ್ಚಿ ಗೀರುಬಿದ್ದಿದ್ದವು. ಕೇಳಬೇಕೋ ಬೇಡವೋ ಎಂದು ಸುತ್ತಿ ಸುತ್ತಿ ಕೇಳಿದೆ. "ಯವ್ವಾ, ಇರುವಿಗೆ ಒಂದು ಹಿಡಿ ಜ್ವಾಳ ಬೇಕು."

"ಇರುವಿಗೆ ಜ್ವಾಳ? ನಾವು ಕೊಡದನ ಅವು ಉಂಡು ಬದುಕ್ಯಾವಲ್ಲ."

ನಾನು ಎಲ್ಲ ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಗಡಿಗೆಗೆ ಕೈ ಹಾಕಿ ಒಂದು ಸಣ್ಣ ಹಿಡಿ ಕೊಟ್ಟಳು. ತಕ್ಷಣ ಅದರಿಂದ ಸ್ವಲ್ಪ ವಾಪಸು ತೆಗೆದುಕೊಂಡಳು. "ಏನಾತು ಅಂತ ನನಗೂ ಹೇಳಬೇಕು ಮತ್ತ," ಎಂದಳು. ಅಂದಿನಿಂದ ದಿನಾ ಸಂಜೆ ಕೂಲಿಯಿಂದ ಬಂದವಳು ಮೊದಲು ಕೇಳುತ್ತಿದ್ದದ್ದೇ, "ಇವತ್ತ ಏನು ನೋಡಿದಿ?"

ಕೆಂಪು ಒಂದು ಕಡೆ, ಹಳದಿ ಒಂದು ಕಡೆ, ಬರಿಯದು ಒಂದು ಕಡೆ ಗೂಡಿನ ಹತ್ತಿರ ಗುಡ್ಡೆ ಮಾಡಿ ಸುತ್ತ ಕುಳಿತೆವು. ಇರುವೆಗಳು ಬಂದವು, ಮೀಸೆಯಾಡಿಸಿದವು. ಬರಿಯ ಕಾಳನ್ನು ಹೊತ್ತವು. ಕೆಂಪಿನ ಸುತ್ತ ಸ್ವಲ್ಪ ಹೊತ್ತು ತಿರುಗಿ ಅದನ್ನೂ ಹೊತ್ತವು. ಅರಿಶಿನದ ಗುಡ್ಡೆಯ ಹತ್ತಿರ ಹೋದ ಇರುವೆ ಬಂದ ದಾರಿಯಲ್ಲೇ ಹಿಂದೆ ಸರಿಯಿತು. ಇನ್ನೊಂದು ಬಂತು, ಅದೂ ಸರಿಯಿತು. ಸಾಹುಕಾರರ ಮಗನಿಗೆ ಅವಮಾನವಾದಂತಾಯಿತು. ಒಂದು ಹಳದಿ ಕಾಳನ್ನು ಇರುವೆಯ ಬಾಯಿಯ ಮುಂದೆಯೇ ಇಟ್ಟ. ಅದು ಸುತ್ತುಹಾಕಿಕೊಂಡು ಹೋಯಿತು.

"ಬಣ್ಣ ನೋಡಿ ಬಿಟ್ವೋ, ವಾಸನಿ ನೋಡಿ ಬಿಟ್ವೋ?" ಮಾಸ್ತರು ಕೇಳಿದರು. ಕೇಳಿದ್ದು ನಮ್ಮನ್ನೋ ತಮ್ಮನ್ನೋ ತಿಳಿಯಲಿಲ್ಲ.

ಕೆಂಪು ಕಾಳು ಒಳಹೋದದ್ದು ಹೋಯಿತು. ದಿನಗಳು ಕಳೆದವು. ಹೊಟ್ಟಿನ ಬಳೆಯಲ್ಲಿ ಕೆಂಪು ಚೂರೇನಾದರೂ ಬಂದಿದೆಯೇ ಎಂದು ಬೆಳಿಗ್ಗೆ ಬಂದೊಡನೆ ಹುಡುಕುತ್ತಿದ್ದೆವು. ಏನೂ ಇಲ್ಲ.

ಆಗ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂತು. ಸಂಜೆ ಶುರುವಾದದ್ದು ಜೋಪಡಿಗಳನ್ನೆಲ್ಲ ತೋಯಿಸಿತು. ಬೆಳಿಗ್ಗೆ ಹಳ್ಳದ ಆಚೆ ಈಚೆ ಎಲ್ಲೆಲ್ಲೂ ಹೆಂಗಸರು ಒದ್ದೆ ಕಾಳನ್ನು ಚಾಪೆ, ಸೀರೆ, ಗೋಣಿಚೀಲಗಳ ಮೇಲೆ ಹರವಿ ಒಣಗಿಸುತ್ತಿದ್ದರು. ನಾನು ಕೆಸರು ತುಳಿಯುತ್ತ ಗೂಡಿನ ಹತ್ತಿರ ಹೋದೆ. ನನಗಿಂತ ಮೊದಲೇ ರಂಗರೇಜರ ಹುಡುಗಿ ಅಲ್ಲಿದ್ದಳು. ಕೈ ಬೀಸಿ ಬೀಸಿ ಕೂಗಿದಳು, "ದೇಖೋ, ದೇಖೋ! ನಮ್ಮ ಜ್ವಾಳ ಹೊರಗ ಬಂದಾವ!"

ಗೂಡಿನ ಬಾಯಿಯ ಸುತ್ತ ಕಾಳಿನ ರಾಶಿ. ಹುಲ್ಲಿನ ಬೀಜ, ಜೋಳ, ನವಣೆ. ನಡುನಡುವೆ ನಮ್ಮ ಕೆಂಪು. ಇರುವೆಗಳು ಇನ್ನೂ ತರುತ್ತಲೇ ಇದ್ದವು. ಒಳಗಿನಿಂದ ತಂದು, ಬಿಸಿಲಿಗೆ ಇಟ್ಟು, ಮತ್ತೆ ಒಳಗೆ ಹೋಗಿ ಇನ್ನೊಂದನ್ನು ತಂದು. ನಮ್ಮ ಹೆಂಗಸರು ಮಾಡುತ್ತಿದ್ದದ್ದನ್ನೇ ಅವೂ ಮಾಡುತ್ತಿದ್ದವು. ಅಷ್ಟು ದಿನ ಕತ್ತಲಲ್ಲಿ ಎಲ್ಲೋ ಇದ್ದ ನಮ್ಮ ಕಾಳು, ನಾವೇ ಕೊಟ್ಟ ಕಾಳು. ಇರುವೆಗಳು ಅದನ್ನು ತಿಂದು ಮುಗಿಸದೆ ಹಾಗೇ ಇಟ್ಟಿದ್ದವು. ಅಂದರೆ ಕೆಳಗೆ ಒಂದು ಕಣಜವಿದೆ. ಎಷ್ಟು ದೊಡ್ಡದು? ಯಾರು ಕಾಯುತ್ತಾರೆ? ಕತ್ತಲಲ್ಲಿ ಅವಕ್ಕೆ ಹೇಗೆ ಕಾಣುತ್ತದೆ? ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಮಾಸ್ತರು ಶೇರವಾನಿ ಬಿಚ್ಚಿ ಗಿಡಕ್ಕೆ ತೂಗುಹಾಕಿ, ಹಸಿ ನೆಲದ ಮೇಲೆ ಗೋಣಿತಟ್ಟು ಹಾಸಿ ಬೋರಲಾಗಿ ಮಲಗಿಬಿಟ್ಟರು. ನಾವೂ ಸುತ್ತ ಮಲಗಿದೆವು.

ಆ ಹೊತ್ತಿಗೇ ಸಾಹುಕಾರರು ಬಂದರು. ಮಗ ಎಲ್ಲಿ ಯಾರ ಜೊತೆ ಕೂರುತ್ತಾನೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಹಳ್ಳ ದಾಟುತ್ತಲೇ ದನಿ ಎತ್ತಿದರು. "ಮಾಸ್ತರ, ಇದೇನ್ ನಡಸೀರಿ? ಯಾರ ಪಕ್ಕ ಯಾರನ್ನ ಕುಂದರಸಾಕತ್ತೀರಿ?"

ಮಾಸ್ತರು ಗಡಬಡಿಸಿ ಎದ್ದರು. ಎದೆಯೆಲ್ಲ ಕೆಸರು. "ಯಾರೂ ಕುಂತಿಲ್ರೀ ಸಾಹುಕಾರ್ರ. ಎಲ್ಲಾರೂ ಮಲಗ್ಯಾರ."

ಅದನ್ನು ಅವರು ತಮಾಷೆಗೆ ಹೇಳಿದರೋ ಹೆದರಿ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಯಾರೂ ನಗಲಿಲ್ಲ. ನಾನು ಎದ್ದು ದೂರ ಸರಿದೆ. ನಮ್ಮ ಕೇರಿಯ ಬೇರೆ ಮಕ್ಕಳು ಆಗಲೇ ಗಿಡದ ಹಿಂದೆ ಸೇರಿದ್ದರು. ಸಾಹುಕಾರರ ಮಗ ಮಾತ್ರ ಏಳಲಿಲ್ಲ. "ಅಪ್ಪಾ, ಇಲ್ಲಿ ನೋಡು. ಇರುವಿ ಜ್ವಾಳ ಒಣಗಸಾಕತ್ತ್ಯಾವ. ಕೆಂಪವು ನಮ್ಮವು, ನಾವಾ ಕೊಟ್ಟವು."

ಸಾಹುಕಾರರು ಬಗ್ಗಿದರು. ಮಗನ ರಟ್ಟೆ ಹಿಡಿಯಲೆಂದೇ ಬಗ್ಗಿದ್ದು. ಆದರೆ ಕೈ ಅರ್ಧಕ್ಕೇ ನಿಂತಿತು. ಹುಟ್ಟಿದಾಗಿನಿಂದ ಕಾಳಿನ ನಡುವೆಯೇ ಬೆಳೆದ ಮನುಷ್ಯ. ಒಂದು ಕೆಂಪು ಕಾಳನ್ನು ಎತ್ತಿಕೊಂಡು ಉಗುರಿನಿಂದ ಕೆರೆದರು, ಬೆಳಕಿಗೆ ಹಿಡಿದರು. ಇನ್ನೊಂದನ್ನು ಎತ್ತಿದರು.

"ತುದಿ ಕಡದಾವಲ್ರೀ," ಎಂದರು. ದನಿ ಇಳಿದಿತ್ತು. "ಮೊಳಕಿ ಬರೋ ಕಣ್ಣ ಇಲ್ಲ ಇದಕ್ಕ. ಹಸಿ ತಾಗಿದ್ರೂ ಮೊಳಕಿ ಒಡಿಯಂಗಿಲ್ಲ."

"ಹೌದೇನ್ರೀ?" ಮಾಸ್ತರು ಕನ್ನಡಕ ಒರೆಸಿಕೊಂಡು ಮುಂದೆ ಬಂದರು. ಒಂದು ಕ್ಷಣ ಇಬ್ಬರೂ ತಲೆಗೆ ತಲೆ ತಾಗುವಂತೆ ಒಂದೇ ಕಾಳನ್ನು ನೋಡಿದರು. ಆಮೇಲೆ ಸಾಹುಕಾರರಿಗೆ ಬಂದ ಕೆಲಸ ನೆನಪಾಯಿತು. ಮಗನ ಕೈ ಹಿಡಿದು ಎಳೆದುಕೊಂಡು ಹೊರಟರು. "ನಾಳಿಂದ ಕಳಸಂಗಿಲ್ಲ," ಎಂದರು. ಕಾಳನ್ನು ಮಾತ್ರ ಕೆಳಗೆ ಹಾಕದೆ ಮುಷ್ಟಿಯಲ್ಲೇ ಒಯ್ದರು.

ಸಾಹುಕಾರರ ಮಾತು ನಿಜವೇ ಎಂದು ನೋಡಲು ನಾವು ಒಡೆದ ಗಡಿಗೆಯ ಎರಡು ಬೋಕಿಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ಅವ್ವ ಕೊಟ್ಟ ಜೋಳ, ಇನ್ನೊಂದರಲ್ಲಿ ಇರುವೆಯ ರಾಶಿಯಿಂದ ಎತ್ತಿದ ಕೆಂಪು ಜೋಳ ಊರಿ ನೀರು ಹಾಕುತ್ತ ಬಂದೆವು. ಸಾಹುಕಾರರ ಮಗ ಬರಲಿಲ್ಲ. ಹಳ್ಳದ ಆಚೆ ಜೋಪಡಿಯ ಮುಂದೆ ಅವನು ಕಾಣುತ್ತಿದ್ದ. ನಾವು ಕೈ ಬೀಸುತ್ತಿರಲಿಲ್ಲ. ಬೀಸಿದರೆ ಅವನಿಗೆ ಹೊಡೆತ ಬೀಳುತ್ತದೆಂದು ನಮ್ಮ ಲೆಕ್ಕ.

ಅವ್ವನ ಜೋಳ ಮೊದಲು ತಲೆಯೆತ್ತಿತು. ಇರುವೆಯ ಬೋಕಿಯಲ್ಲಿ ಏನೂ ಇಲ್ಲ. ಒಂದು ಮುಂಜಾನೆ ನಾವು ಅದನ್ನೇ ನೋಡುತ್ತ ಕುಳಿತಿರುವಾಗ ಸಾಹುಕಾರರ ಮಗ ಏದುಸಿರು ಬಿಡುತ್ತ ಓಡಿಬಂದ.

"ಮೊಳಕಿ ಬಂತೇನ್ರೀ ಮಾಸ್ತರ?"

"ನಿಮ್ಮಪ್ಪ ಬೈಯಂಗಿಲ್ಲೇನೋ?" ಎಂದು ಮಾಸ್ತರು ಕೇಳಿದರು.

"ಅಪ್ಪಾನೇ ಕೇಳ್ಕೊಂಡು ಬಾ ಅಂದಾನ್ರೀ."

ಮಾಸ್ತರು ಬೋಕಿಯನ್ನೇ ಅವನ ಕೈಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಹತ್ತಿರ ಒಯ್ದ. ವಾಪಸು ತಂದವನು ನನ್ನ ಪಕ್ಕದಲ್ಲೇ ಕುಳಿತ. ಅವತ್ತಿನಿಂದ ದಿನಾ ಬಂದ. ಮುಂದೆ ಆ ಬೋಕಿಯಲ್ಲೂ ಒಂದೇ ಒಂದು ಕಾಳು ಮೊಳೆಯಿತು. ಅದನ್ನು ಕಡಿಯಲು ಇರುವೆ ಮರೆತಿತ್ತೋ, ಕಡಿದದ್ದು ಸಾಲದಾಗಿತ್ತೋ, ಅಥವಾ ಕಡಿಯುವುದಕ್ಕೂ ಮೊಳೆಯುವುದಕ್ಕೂ ಸಂಬಂಧವೇ ಇರಲಿಲ್ಲವೋ. ಸಂಜೆ ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ತಿರುವುತ್ತ, "ಅದು ಅವಸರದಾಗ ಕಡದಿರಬೇಕು. ಕೂಲಿ ಇರುವಿ," ಎಂದಳು.

ಬಿಸಿಲು ಬಲಿಯುತ್ತ ಬೇನೆ ಇಳಿಯಿತು. ಊರಿನ ಮನೆಗಳಿಗೆ ಸುಣ್ಣ ಹೊಡೆದರು, ಔಷಧ ಸಿಂಪಡಿಸಿದರು. ಹುಕುಂ ಆಯಿತು. ಬಂಡಿಗಳು ಹೇಗೆ ಬಂದಿದ್ದವೋ ಹಾಗೇ ವಾಪಸು ಹೋದವು. ಹೊಲದಲ್ಲಿ ಒಲೆಗಳ ಕರಿ ಗುರುತು ಉಳಿದವು. ಕೇರಿಯ ನಾವು ಗಿಡದ ಕೆಳಗೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಅಳು ಬರಲಿಲ್ಲ. ಎದ್ದು ಇರುವೆಗೂಡಿನ ಹತ್ತಿರ ಹೋಗಿ ನಿಂತೆ. ಇನ್ನು ಯಾರು "ನೋಡೂಣು" ಎನ್ನುತ್ತಾರೆ?

ಮಾಸ್ತರು ಒಂದು ಸಂಜೆ ನಮ್ಮ ಗುಡಿಸಲಿಗೇ ಬಂದರು. ಅವ್ವ ಗಾಬರಿಯಾಗಿ ಎದ್ದು ನಿಂತಳು.

"ಹುಡುಗಿನ್ನ ಸಾಲಿಗೆ ಕಳಸ್ರಿ," ಎಂದರು.

"ಒಳಗ ಬಿಡ್ತಾರೇನ್ರೀ ಯಪ್ಪಾ?"

"ಒಳಗ ಯಾಕ? ನಾನೇ ಹೊರಗ ಕುಂದ್ರತೀನಿ."

ಮಾಡಿದ್ದೂ ಹಾಗೆಯೇ. ಸಾಲಿಯ ಕೋಣೆಯಲ್ಲಿ ಔಷಧದ ಘಾಟು ಇನ್ನೂ ಇದೆ, ಸಣ್ಣ ಮಕ್ಕಳಿಗೆ ತಲೆ ಸುತ್ತುತ್ತದೆ ಎಂದು ಹೆಡ್ ಮಾಸ್ತರರಿಗೆ ಹೇಳಿ ಅಂಗಳದ ಬೇವಿನ ಗಿಡದ ಕೆಳಗೆ ಸಣ್ಣವರ ತರಗತಿ ಹೂಡಿದರು. ನಮ್ಮ ಕೇರಿಯಿಂದ ಹೋದವರು ನಾನು ಮತ್ತು ಇನ್ನಿಬ್ಬರು. ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸಾಹುಕಾರರು ಬಿಡಿಸಲಿಲ್ಲ, ನಮ್ಮ ಪರವಾಗಿ ಏನೂ ಹೇಳಲೂ ಇಲ್ಲ. ಆ ಘಾಟು ಮಳೆಗಾಲದ ತನಕ ಹೋಗಲೇ ಇಲ್ಲ. ಅಥವಾ ಮಾಸ್ತರ ಮೂಗಿಗೆ ಮಾತ್ರ ಹಾಗೆ ಬಡಿಯುತ್ತಿತ್ತು.

ಮುಂಗಾರಿನ ಮೊದಲ ದೊಡ್ಡ ಮಳೆ ತರಗತಿ ನಡೆಯುವಾಗಲೇ ಬಂತು. ಎಲ್ಲರೂ ಓಡಿದರು, ನಾನೂ ಓಡಿದೆ. ಎಲ್ಲಿಗೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ನಿಂತಾಗ ಕೋಣೆಯೊಳಗಿದ್ದೆ. ಕತ್ತಲೆ, ಸುಣ್ಣದ ವಾಸನೆ, ಹೆಂಚಿನ ಮೇಲೆ ಮಳೆಯ ಸದ್ದು. ಗೋಡೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಾಗಿಲಲ್ಲಿ ಹೆಡ್ ಮಾಸ್ತರರು ಬಂದು ನಿಂತರು. ಒದ್ದೆಯಾಗಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ನಮ್ಮನ್ನು ನೋಡಿದರು. ಯಾರು ಯಾವ ಓಣಿಯವರೆಂದು ಬೇರೆ ಮಾಡುವುದು ಅವರಿಗೂ ಕಷ್ಟವಾಗಿರಬೇಕು. "ಮಳಿ ನಿಂತ ಮ್ಯಾಲ ಹೊರಗ ಹೋಗ್ರಿ," ಎಂದು ಹೇಳಿ ಹೋದರು. ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು.

ಮುಂದೆ ಮಾಸ್ತರಿಗೆ ಮಾನ್ವಿಗೆ ವರ್ಗವಾಯಿತು. ನಾನು ದೇವದುರ್ಗದ ಸಾಲಿಯಲ್ಲೇ ಓದು ಮುಂದುವರಿಸಿದೆ. ಕೆಲವು ಮಾಸ್ತರರು ದೂರ ಕೂರಿಸಿದರು, ಕೆಲವರು ಕೂರಿಸಲಿಲ್ಲ. ಓದುವುದು ಬಂದಿತ್ತು, ಕೇಳುವ ಚಟವೂ ಅಂಟಿತ್ತು. ಬಿಡಿಸಲು ಯಾರಿಂದಲೂ ಆಗಲಿಲ್ಲ. ಆ ದಶಕದ ಕೊನೆಗೆ ಅಪ್ಪನಿಗೆ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೆಣ್ಣುಮಕ್ಕಳ ಸಾಲಿಗೆ ಹಾಕುತ್ತೇನೆಂದು ಅವ್ವ ಹಟ ಹಿಡಿದಳು, ಹಾಕಿದಳು ಕೂಡ. ರಾಯಚೂರಿಗೆ ಹೋಗುವ ಮೊದಲು ಚಿಕ್ಕವ್ವನನ್ನು ನೋಡಿಕೊಂಡು ಹೋಗಲೆಂದು ಮಾನ್ವಿಗೆ ಹೋಗಿದ್ದೆವು.

ಅಲ್ಲಿನ ಕೆರೆಯ ದಂಡೆಯಲ್ಲಿ ಸಣ್ಣ ಮಕ್ಕಳ ಗುಂಪೊಂದು ನೀರಿಗೆ ಕಾಲು ಇಳಿಬಿಟ್ಟು ಸದ್ದಿಲ್ಲದೆ ಕುಳಿತಿತ್ತು. ನಡುವೆ ಮಾಸ್ತರು. ತಲೆಗೂದಲು ತುಸು ತೆಳುವಾಗಿತ್ತು. ಶೇರವಾನಿ ಇರಲಿಲ್ಲ, ಬೂಟು ಪಕ್ಕದಲ್ಲಿತ್ತು. ನಾನು ಯಾರೆಂದು ಹೇಳಿದೆ. ಗುರುತು ಹಿಡಿದು ಮುಖ ಅರಳಿಸಿದರು, ಆದರೆ ಬೆರಳು ತುಟಿಯ ಮೇಲಿಟ್ಟುಕೊಂಡರು.

"ಏನ್ ಮಾಡಾಕತ್ತೀರಿ ಮಾಸ್ತರ?" ಪಿಸುಮಾತಿನಲ್ಲಿ ಕೇಳಿದೆ.

"ಮೀನು ನಿದ್ದಿ ಮಾಡ್ತಾವೇನು ಅಂತ ಇವರು ಕೇಳಾಕತ್ತಾರ. ಕಣ್ಣು ಮುಚ್ಚಿದ್ದು ಯಾರೂ ನೋಡಿಲ್ಲಂತ."

"ಮಾಡ್ತಾವೇನ್ರೀ?"

"ಗೊತ್ತಿಲ್ಲ," ಎಂದರು. "ಜಾಗ ಅದ, ಕುಂದ್ರು."

ಮಕ್ಕಳು ಸರಿದು ಜಾಗ ಕೊಟ್ಟರು. ನಾನು ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಬಿಟ್ಟೆ. ಅವ್ವ ದಂಡೆಯ ಮೇಲೆ ಗಂಟು ಇಳಿಸಿ ತಾನೂ ಬಗ್ಗಿ ನೋಡತೊಡಗಿದಳು.